ಹದಿನೇಳನೆಯ ಹಲಗೆ

ಊರು ಹೊಳೆಯ ಈಚೆಗೆ, ಊರಿನವರ ಹೊಲಗಳೆಲ್ಲ ಆಚೆಗೆ. ನಡುವೆ ಮರದ ಕಾಲುಸೇತುವೆ. ಅದನ್ನು ಕಟ್ಟಿದ ಬಡಗಿಯ ಮನೆ ದಂಡೆಗೆ ಅಂಟಿಕೊಂಡೇ ಇತ್ತು. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದಂತೆಯೇ ಅವನು ಯಾರು ಹೊಲಕ್ಕೆ ಹೊರಟರು, ಯಾರಿಗೆ ಇನ್ನೂ ಬೆಳಗಾಗಿಲ್ಲ ಎಂಬುದನ್ನು ಸದ್ದಿನ ಮೇಲೆ ಹೇಳಿಬಿಡುತ್ತಿದ್ದ. ಕುರಿಯವನದು ಎಳೆದು ಹಾಕುವ ಹೆಜ್ಜೆ. ಅವನ ಹಿಂದೆ ಕುರಿಗಳು ದಾಟಿದರೆ ತಗಡಿನ ಮೇಲೆ ಮೊದಲ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಮೇಷ್ಟ್ರು ಒಂದು ಹಲಗೆ ಬಿಟ್ಟು ಒಂದು ತುಳಿಯುವವರು. "ಹಲಗೆ ಸವೆಯದಿರಲಿ ಅಂತಲೋ, ಚಪ್ಪಲಿ ಸವೆಯದಿರಲಿ ಅಂತಲೋ" ಎಂದು ಬಡಗಿಯ ಹೆಂಡತಿ ಪಕ್ಕದಲ್ಲಿ ಮಗ್ಗುಲು ಬದಲಿಸುತ್ತ ನಗುತ್ತಿದ್ದಳು.

ಸೇತುವೆಗೆ ಮೂವತ್ತೊಂದು ಹಲಗೆ. ಒಂದೊಂದಕ್ಕೂ ಒಂದೊಂದು ದನಿ. ಮೂರು ವರ್ಷದಿಂದ ಈಚೆಗೆ ಹದಿನೇಳನೆಯದರ ದನಿ ಬಿದ್ದುಹೋಗಿತ್ತು. ಹದಿನಾರರವರೆಗೆ ಟಕ್ ಟಕ್ ಎಂದು ಬಂದ ಹೆಜ್ಜೆ ಅಲ್ಲಿ ನೆಂದ ಚೀಲಕ್ಕೆ ಗುದ್ದಿದ ಹಾಗೆ ಬೊದ್ ಎನ್ನುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಬಡಗಿಗೆ ತನ್ನ ಹಲ್ಲೊಂದು ಅಲುಗಾಡಿದಂತೆ ಆಗುತ್ತಿತ್ತು. ಬರೀ ಹಲಗೆಯ ಮಾತಾಗಿದ್ದರೆ ಅವನು ಇಷ್ಟು ಹೆದರುತ್ತಿರಲಿಲ್ಲ. ಹದಿನೇಳನೆಯ ಹಲಗೆಯ ಕೆಳಗೇ, ನಡುಗಂಬದ ಮೇಲೆ, ಎರಡು ದಂಡೆಯಿಂದ ಬಂದ ತೊಲೆಗಳು ಒಂದನ್ನೊಂದು ಕಚ್ಚಿಕೊಂಡಿದ್ದವು. ಹಲಗೆ ಆ ಬೆಸುಗೆಗೆ ಕೊಡೆ ಇದ್ದ ಹಾಗೆ. ಕೊಡೆ ತೂತಾದರೆ ನೀರು ಬೆಸುಗೆಗೆ ಇಳಿಯುತ್ತದೆ. ಹಲಗೆ ಹೋದರೆ ಹಲಗೆ ಹೋಯಿತು. ಬೆಸುಗೆ ಹೋದರೆ ಸೇತುವೆಯೇ ಹೋಯಿತು. ಸೇತುವೆ ಹೋದರೆ ಹೊಲಕ್ಕೆ ಹೋಗಲು ಕೆಳಗಿನ ದೊಡ್ಡ ರಸ್ತೆ ಸುತ್ತಿ ಅರ್ಧ ದಿನ, ಬರಲು ಇನ್ನರ್ಧ ದಿನ. ಉಳುವುದು ಯಾವಾಗ?

ಹಿಂದೆ ಇದೇ ಜಾಗದಲ್ಲಿ ಅಣ್ಣ ತಮ್ಮಂದಿರಿಬ್ಬರು ಹಾಕಿದ ದಿಮ್ಮಿಯೊಂದು ಇತ್ತಂತೆ. ನಂದು ನಂದು ಎಂದು ಜಗಳವಾಗಿ, ಕೊನೆಗೆ ತಮ್ಮ ಒಂದು ಮಧ್ಯಾಹ್ನ ಕೊಡಲಿ ತಂದು ತನ್ನ ಅರ್ಧವನ್ನು ಕಡಿದುಕೊಂಡು ಹೋದನಂತೆ. ಅಣ್ಣನ ಅರ್ಧ ನೀರಿಗೆ ಬಿತ್ತು. ಆ ಕತೆ ಕೇಳಿ ಬೆಳೆದ ಊರಾದ್ದರಿಂದ, ಮೂವತ್ತಮೂರು ವರ್ಷದ ಹಿಂದೆ ಬಡಗಿ ಕಲ್ಲುಕಂಬ ನಿಲ್ಲಿಸಿ ತೊಲೆ ಏರಿಸಿದಾಗ ಹಿರಿಯರು ಒಂದು ಕಟ್ಟು ಹಾಕಿದರು: ಇದರ ಮೇಲೆ ನಿಂತು ಯಾರೂ 'ನಂದು' ಅನ್ನಕೂಡದು. ಕಟ್ಟಿದವನಂತೂ ಅನ್ನಲೇಕೂಡದು. ಕಣದ ಕೆಲಸ ಮುಗಿದ ಮೇಲೆ ಸರದಿಯಂತೆ ವರ್ಷಕ್ಕೆ ಮೂರು ಮನೆಯವರು ಒಂದೊಂದು ಹಲಗೆಯ ಮರ ತಂದುಹಾಕುವುದು. ಯಾವ ಹಲಗೆ ತೆಗೆಯಬೇಕು ಎಂದು ಬಡಗಿ ಕಿವಿಗೊಟ್ಟು ಹೇಳುವುದು. ಎಲ್ಲರೂ ಕೈ ಹಾಕುವುದು. ಮಗುವೊಂದು ಮರೆತು "ಇದು ನಮ್ಮನೆ ಹಲಗೆ" ಎಂದರೆ ಪಕ್ಕದಲ್ಲಿದ್ದ ಅಜ್ಜಿ ತಲೆಗೆ ಮೊಟಕುತ್ತಿದ್ದಳು. ಯಾರ ಅಪ್ಪಣೆಯನ್ನೂ ಕೇಳದೆ, ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ಮೂವತ್ತು ವರ್ಷ ನಡೆಯಿತು.

ಮೂರು ವರ್ಷದ ಕೆಳಗೆ ರಸ್ತೆ ಕಚೇರಿಯ ಸಾಹೇಬರು ದಪ್ಪ ಪುಸ್ತಕ ಹಿಡಿದು ಬಂದರು. ಹಳ್ಳಿಹಳ್ಳಿಯ ದಾರಿ, ಬಾವಿ, ಸೇತುವೆಗಳನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. "ಬರೆಸ್ಕೊಳ್ಳಿ, ಬರೆಸ್ಕೊಳ್ಳಿ. ಪುಸ್ತಕದಲ್ಲಿ ಬಂದ್ರೆ ನಾಳೆ ಹೊಳೆ ಕೊಚ್ಕೊಂಡು ಹೋದ್ರೂ ಸರ್ಕಾರ ಕಟ್ಟಿಸ್ಕೊಡತ್ತೆ" ಎಂದು ಮನೆಮನೆಗೂ ಹೇಳಿಬಂದರು.

ಸಾಹೇಬರು ಕೆಟ್ಟವರೇನಲ್ಲ. ನೆರಳಲ್ಲಿ ಕುರ್ಚಿ ಹಾಕಿದರೂ ಕೂರದೆ, ಸೇತುವೆಯನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ತೊಲೆ ಕಚ್ಚಿಕೊಂಡ ಕಡೆ ಬಗ್ಗಿ, "ಮೊಳೆ ಇಲ್ಲದೆ ಮಾಡಿದ್ದಾರಲ್ರೀ!" ಎಂದು ಮೆಚ್ಚಿದರು. ಆಮೇಲೆ ಪೆನ್ನು ತೆಗೆದು ಕೇಳಿದರು: "ಇದು ಯಾರದ್ದು?"

ಎಲ್ಲರೂ ಬಡಗಿಯ ಮುಖ ನೋಡಿದರು. ಬಡಗಿ ತನ್ನ ಕಾಲಿನ ಹೆಬ್ಬೆರಳು ನೋಡಿಕೊಂಡ. "ಯಾರದ್ದೂ ಅಲ್ಲ ಸಾಹೇಬ್ರೇ."

"ಕಟ್ಟಿದ್ದು?"

"ಎಲ್ಲರೂ ಸೇರ್ಕೊಂಡು."

"ಅದು ಸರಿ. ಇಲ್ಲಿ ಮಾಲೀಕ ಅಂತ ಒಂದು ಕಾಲಂ ಇದೆ. ಯಾರಾದ್ರೂ ಒಬ್ರು ನಂದು ಅನ್ನಿ, ಬರೀತೀನಿ."

ಯಾರೂ ಅನ್ನಲಿಲ್ಲ. ಸಾಹೇಬರು ಇನ್ನೊಂದು ಸಲ ಕೇಳಿದರು. ಸೇತುವೆಯ ಮೇಲೆ ನಿಂತು ಆ ಮಾತು ಹೇಗೆ ಆಡುವುದು? ಬಡಗಿಯ ಹೆಂಡತಿ ಮಾತ್ರ ಸೆರಗಿನ ಮರೆಯಲ್ಲಿ "ಅನ್ನಿ ಅಂದ್ರೆ ಅನ್ಬಾರ್ದಾ, ನಾಲಿಗೆ ಉದುರಿಹೋಗತ್ತಾ?" ಎಂದು ಗೊಣಗಿದಳು. ಬಡಗಿ ಅವಳತ್ತ ಕೆಕ್ಕರಿಸಿ ನೋಡಿದ. ಸಾಹೇಬರು ಮಾಲೀಕರ ಕಾಲಂನಲ್ಲಿ 'ಸರ್ಕಾರ' ಎಂದು ಬರೆದರು. ಸ್ಥಿತಿ ಎಂಬಲ್ಲಿ 'ಉತ್ತಮ' ಎಂದು ಬರೆದರು. "ಇನ್ಮೇಲೆ ಇದನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು. 'ಯಾರೂ' ಎಂಬುದರೊಳಗೆ ತಾವೂ ಸೇರಿದ್ದೇವೆ ಎಂಬುದು ಆ ಹೊತ್ತಿನಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ತಿಂಗಳೊಳಗೆ ನೀಲಿ ತಗಡಿನ ಬೋರ್ಡು ಬಂತು, ಅದರ ಮೇಲೆ ಸಂಖ್ಯೆ ಬಂತು. ಬೋರ್ಡಿಗೊಬ್ಬ ಕಾವಲುಗಾರ ಬೇಕೆಂದು ಕಾಗದ ಬಂತು. ಬಡಗಿಯ ಅಳಿಯ ಮದುವೆಯಾದಂದಿನಿಂದ ಅತ್ತೆಯ ಮನೆಯಲ್ಲೇ ಇದ್ದವನು. ಉಳಿ ಹಿಡಿದರೆ ಬೆರಳು ಕೊಯ್ದುಕೊಳ್ಳುತ್ತಿದ್ದ, ನೇಗಿಲು ಹಿಡಿದರೆ ಎತ್ತಿಗೇ ದಾರಿ ಕೇಳುತ್ತಿದ್ದ. ಅವನಿಗೇ ಕೆಲಸ ಸಿಕ್ಕಿತು. ಟೋಪಿ, ಸೀಟಿ, ಖಾಕಿ ಅಂಗಿ. ಅಂಗಿಯ ತೋಳು ಉದ್ದವಾಗಿತ್ತು. ಹೊಲಿಗೆ ಮಿಷನ್ನಿನ ಮುಂದೆ ಕೂತ ಮಗಳು ಅದನ್ನು ಮಡಿಸಿ ಹೊಲಿಯುವಾಗ ಅವಳ ಮುಖದಲ್ಲಿ ಮದುವೆಯಾದ ಮೇಲೆ ಮೊದಲ ಬಾರಿಗೆ ಒಂದು ಬೆಳಕು ಕಂಡಿತು. ಅದನ್ನು ನೋಡಿ ಬಡಗಿಯೂ ಖುಷಿಪಟ್ಟ. ಮನೆ ಅಳಿಯ ಎಂಬ ಮಾತು ಇನ್ನು ಕೇಳಬೇಕಾಗಿಲ್ಲವಲ್ಲ. "ಮೂಗಿಗಿಂತ ಮೂಗುತಿ ಭಾರ ಆಯ್ತು, ಮೂವತ್ತೊಂದು ಹಲಗೆಗೆ ಒಬ್ಬ ಸಿಪಾಯಿ!" ಎಂದು ಕುರಿಯವನು ನಕ್ಕ. ಎಲ್ಲರೂ ನಕ್ಕರು. ಅಳಿಯ ಸೀಟಿ ಊದಿದ. ಇನ್ನೂ ನಕ್ಕರು.

ಆ ವರ್ಷದ ಕಣ ಮುಗಿದು ಸರದಿಯ ಮೂರು ಮನೆಯವರು ಮರ ಹೊತ್ತು ಬಂದಾಗ ಅದೇ ಸೀಟಿ ಮತ್ತೆ ಊದಿತು. ಈ ಸಲ ಯಾರೂ ನಗಲಿಲ್ಲ. ಸರ್ಕಾರಿ ಸೊತ್ತಿಗೆ ಕೈ ಹಾಕಿದರೆ ಕೇಸು ಎಂದು ಅಳಿಯನಿಗೆ ಕೊಟ್ಟ ಚೀಟಿಯಲ್ಲಿ ಬರೆದಿತ್ತು. ಮೇಷ್ಟ್ರು ಆ ಚೀಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮೂರನೆಯ ಸಲ ಓದಿದರು. ಮರಗಳು ಬಡಗಿಯ ಹಿತ್ತಲಿಗೆ ಹೋದವು.

ಅಲ್ಲಿಂದ ಬಡಗಿ ಕಚೇರಿಗೆ ನಡೆಯತೊಡಗಿದ. ಕಚೇರಿ ಪಟ್ಟಣದಲ್ಲಿ, ಮಹಡಿ ಮೇಲೆ. ಉದ್ದನೆಯ ಕೋಣೆ, ಗೋಡೆಗೆ ಕಡತಗಳ ಕಪಾಟು, ಒಂದೇ ಕಿಟಕಿ, ಅದರ ಪಕ್ಕ ಗುಮಾಸ್ತ. ಕಾಯುವವರಿಗೆ ಕೂರಲು ಏನೂ ಇರಲಿಲ್ಲ. ಗೋಡೆಗೆ ಒರಗಿ ಒರಗಿ ಸುಣ್ಣದ ಮೇಲೆ ಬೆನ್ನುಗಳ ಗುರುತು ಸಾಲಾಗಿ ಬಿದ್ದಿತ್ತು.

"ಒಂದೇ ಒಂದು ಹಲಗೆ ಸ್ವಾಮಿ. ಮರ ನಮ್ದು, ಕೈ ನಮ್ದು. ನೀವು ಹೂಂ ಅಂದ್ರೆ ಸಾಕು."

ಗುಮಾಸ್ತ ಪುಸ್ತಕ ತೆಗೆದು ತೋರಿಸಿದ. "ನೋಡಿ, ಸ್ಥಿತಿ ಉತ್ತಮ ಅಂತಿದೆ. ಉತ್ತಮ ಇರೋದಕ್ಕೆ ದುರಸ್ತಿ ಹೆಂಗ್ರೀ ಮಾಡೋದು?"

"ಆಗ ಉತ್ತಮ ಇತ್ತು. ಈಗ ಕೊಳೀತಾ ಇದೆ."

"ಕೊಳೀತಾ ಇದೆ ಅಂತ ನೀವು ಹೇಳಿದ್ರೆ ಆಗಲ್ಲ. ಪರಿಶೀಲನೆ ಆಗ್ಬೇಕು. ಐದು ವರ್ಷಕ್ಕೊಂದ್ಸಲ. ಇನ್ನೂ ನಾಲ್ಕು ವರ್ಷ ಇದೆ."

"ಅಷ್ಟೊತ್ತಿಗೆ ಬಿದ್ದುಹೋಗತ್ತಲ್ಲ?"

"ಬಿದ್ದ ಮೇಲೆ ಬೇರೆ ಫಾರಂ ಇದೆ" ಎಂದ ಗುಮಾಸ್ತ. ತಮಾಷೆಗೆ ಹೇಳಿದ ಹಾಗಿರಲಿಲ್ಲ. ಮರದ್ದನ್ನು ಈಗ ಮಂಜೂರು ಮಾಡುವುದಿಲ್ಲ, ಕಬ್ಬಿಣದ್ದೇ ಆಗಬೇಕು, ಅದಕ್ಕೆ ನಕ್ಷೆ ಮೇಲಿನ ಕಚೇರಿಯಿಂದ ಬರಬೇಕು ಎಂದೂ ಹೇಳಿದ.

ಬಡಗಿ ಏಳು ಸಲ ಹೋದ. ಎರಡು ಮಳೆಗಾಲ ಕಳೆದವು. ಹದಿನೇಳನೆಯ ಹಲಗೆಯ ದನಿ ಇಳಿಯುತ್ತ ಇಳಿಯುತ್ತ ದನಿಯೇ ಇಲ್ಲದಂತಾಯಿತು. ಆಮೇಲೆ ಒಂದು ಬೆಳಿಗ್ಗೆ ಕುರಿಯವನ ಹಿಂಡು ದಾಟುವಾಗ ಗೊರಸಿನ ಮಳೆಯ ಸದ್ದಿನ ನಡುವೆ ಒಂದು ಕಿರುಚು ಕೇಳಿಸಿತು. ಬಡಗಿ ಓಡಿಹೋಗಿ ನೋಡಿದರೆ ಗಬ್ಬದ ಕುರಿಯೊಂದರ ಮುಂಗಾಲು ಹಲಗೆಯೊಳಗೆ ಬುಡದವರೆಗೂ ಇಳಿದಿತ್ತು. ಮೂಳೆ ಮುರಿದಿತ್ತು. ಕುರಿಯವನು ಅದನ್ನು ಹೆಗಲಿಗೆ ಹಾಕಿಕೊಂಡು ನಿಂತು, ಅಳಿಯನ ಕಡೆ ನೋಡದೆ ಬಡಗಿಯ ಕಡೆ ನೋಡಿದ.

"ಕಟ್ಟಿದೋನೇ, ಇದರ ಕಾಲು ಕಟ್ತೀಯಾ? ಅದಕ್ಕಾದ್ರೂ ಅಪ್ಪಣೆ ಇದೆಯಾ, ಕೇಳ್ಕೊಂಡು ಬಾ."

"ನನ್ನ ಕೈ ಕಟ್ಟಿದ್ದಾರೆ, ನೀನೂ ನೋಡಿದ್ದೀಯಲ್ಲ."

"ಕಟ್ಟಿದ್ದಾರಾ? ಹಗ್ಗ ಕೊಟ್ಟಿದ್ಯಾರು?" ಎಂದ ಕುರಿಯವನು. ಕುರಿಯನ್ನು ಹೆಗಲ ಮೇಲೆ ಸರಿಸಿಕೊಂಡು, "ನಾನೂ ಕೊಟ್ಟೆ, ಬಿಡು. ಚಪ್ಪಾಳೆ ತಟ್ಟಿದೆ" ಎಂದು ಹೊರಟುಹೋದ.

ಅವತ್ತು ಊಟಕ್ಕೆ ಕೂತಾಗ ಬಡಗಿ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ನಾಳೆ ಹಾಕ್ತೀನಿ."

ಏನು ಹಾಕುತ್ತೀ ಎಂದು ಯಾರೂ ಕೇಳಲಿಲ್ಲ. ಮಗಳು ಬಡಿಸುತ್ತಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. "ಅಪ್ಪಾ, ಇವರ ಕೆಲಸ ಹೋಗತ್ತೆ."

"ಸೇತುವೆ ಹೋದ ಮೇಲೆ ಇವನು ಏನನ್ನ ಕಾಯ್ತಾನೆ? ನೀರನ್ನಾ?"

"ಸರ್ಕಾರದ ಜೊತೆ ಜಿದ್ದಾ ಮಾವ?" ಎಂದ ಅಳಿಯ, ಮೆಲ್ಲಗೆ.

"ಜಿದ್ದಲ್ಲಪ್ಪಾ. ಸರ್ಕಾರ ಬೇಡ ಅಂತ ನಾನು ಯಾವತ್ತು ಅಂದೆ? ಕಳ್ಳ ಬಂದ್ರೆ ಹಿಡೀಲಿ. ಅಣ್ಣ ತಮ್ಮ ಕೊಡಲಿ ಎತ್ತಿದ್ರೆ ನಡುವೆ ನಿಲ್ಲಲಿ. ಅಷ್ಟು ಮಾಡಿದ್ರೆ ಕೈ ಮುಗಿದೇನು. ನನ್ನ ಕೈಲಾಗೋ ಕೆಲಸಾನ ನಾನು ಮಾಡ್ಬಾರ್ದು, ತಾನೂ ಮಾಡಲ್ಲ ಅಂದ್ರೆ ಏನನ್ನೋದು ಅದಕ್ಕೆ?"

"ಮನೆ ಹಾಳು ಅನ್ನೋದು" ಎಂದಳು ಹೆಂಡತಿ. "ತಾನೂ ತಿನ್ನ, ಪರರಿಗೂ ಕೊಡ. ಅವತ್ತೇ ಬಡ್ಕೊಂಡೆ, ಒಂದು ಮಾತು ಅನ್ನಿ ಅಂತ. ದೊಡ್ಡ ಮನುಷ್ಯ. ಹೆಬ್ಬೆರಳು ನೋಡ್ಕೊಂಡು ನಿಂತ್ರು."

ಅಳಿಯನಿಗೂ ಕುರಿಯ ಕಿರುಚು ಕೇಳಿಸಿತ್ತು. ಸೀಟಿ ಕೊರಳಲ್ಲಿ ಇದ್ದಂತೆಯೇ ಆ ಕುರಿಯನ್ನು ಎತ್ತಿ ಬಿಡಿಸಿದ್ದವನೂ ಅವನೇ. ಕೊನೆಗೆ ಎಂದ: "ಮಧ್ಯಾಹ್ನ ನಾನು ಊಟಕ್ಕೆ ಬರೋ ಹೊತ್ತು ಸೇತುವೆ ಮೇಲೆ ಯಾರೂ ಇರಲ್ಲ. ಸುತ್ತಿಗೆ ಸದ್ದು ನನಗೆ ಕೇಳಿಸಬಾರದು. ಕೇಳಿಸಿದ್ರೆ ಬರೆದುಕೊಳ್ಳಬೇಕಾಗತ್ತೆ."

"ನಾನು ಯಾವತ್ತು ಮೊಳೆ ಹೊಡೆದಿದ್ದೀನಿ?" ಎಂದ ಬಡಗಿ.

ಮರುದಿನ ಬೆಳಗಿನಿಂದಲೇ ಹಿತ್ತಲಿನ ಮರದಲ್ಲಿ ಹಲಗೆ ಕೊರೆದ. ಅಂಚು ಹೆರೆದ. ನಾಲ್ಕು ತೂತು ತೆಗೆದು ನಾಲ್ಕು ಗೂಟ ಮಾಡಿದ. ಗೂಟಗಳನ್ನು ಒಲೆಯ ಬೂದಿಯಲ್ಲಿ ಹೂತು ಒಣಗಿಸಿದ. ಒಣ ಗೂಟ ಹಸಿ ಗಾಳಿಗೆ ಉಬ್ಬಿ ಹಿಡಿದುಕೊಳ್ಳುತ್ತದೆ, ಆಮೇಲೆ ಯಾರಪ್ಪ ಎಳೆದರೂ ಬಿಡುವುದಿಲ್ಲ. ಮಧ್ಯಾಹ್ನ ಅಳಿಯ ಊಟಕ್ಕೆ ಕೂತು ಎಂದೂ ಇಲ್ಲದಷ್ಟು ನಿಧಾನವಾಗಿ ಉಣ್ಣುತ್ತಿರುವಾಗ, ಬಡಗಿ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ನಡೆದ. ಕೊಳೆತದ್ದು ಕೈಯಲ್ಲೇ ತುಂಡು ತುಂಡಾಗಿ ಬಂತು. ಕೆಳಗಿನ ಬೆಸುಗೆಯನ್ನು ಉಗುರಿನಿಂದ ಕೆರೆದು ನೋಡಿದ. ಮೇಲೆ ಕಪ್ಪಾಗಿತ್ತು, ಒಳಗೆ ಇನ್ನೂ ಗಟ್ಟಿ. ಸರಿಯಾದ ಹೊತ್ತಿಗೆ ಬಂದೆ ಎಂದುಕೊಂಡ. ಹೊಸ ಹಲಗೆ ಇಟ್ಟು, ಗೂಟಗಳನ್ನು ಅಂಗೈಯಿಂದಲೇ ಒತ್ತಿ, ಕೊನೆಗೆ ಹಿಮ್ಮಡಿಯಿಂದ ತುಳಿದು ಇಳಿಸಿದ. ಒಂದು ಹೆಜ್ಜೆ ಹಾಕಿದ. ಟಕ್. ಮೂರು ವರ್ಷದ ಮೇಲೆ ಕೇಳಿದ ಸದ್ದು. ಮುದುಕ ಅಲ್ಲೇ ನಿಂತು ಇನ್ನೆರಡು ಸಲ ತುಳಿದ.

ಸದ್ದಿನದು ಎಲ್ಲ ನೋಡಿಕೊಂಡಿದ್ದ ಅವನಿಗೆ ಬಣ್ಣದ್ದು ನೆನಪಾದದ್ದು ದಂಡೆಗೆ ಬಂದು ತಿರುಗಿ ನೋಡಿದಾಗಲೇ. ಮೂವತ್ತು ಬೂದು ಹಲಗೆಗಳ ನಡುವೆ ಹೊಸದೊಂದು ಮುದುಕನ ಬಾಯಲ್ಲಿ ಕಟ್ಟಿಸಿದ ಹಲ್ಲಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಹೊಳೆಯ ಕೆಸರು ಬಳಿದ, ಮಳೆ ತೊಳೆಯಿತು. ಬೂದಿ ಉಜ್ಜಿದ, ಕಾಲುಗಳು ಒರೆಸಿದವು. ಹನ್ನೊಂದನೆಯ ದಿನ ಸಾಹೇಬರ ಜೀಪು ಬಂತು. ಬೇರೆಲ್ಲಿಗೋ ಹೋಗುತ್ತಿದ್ದವರು ತಮಗೆ ಮೆಚ್ಚುಗೆಯಾದ ಸೇತುವೆ ಎಂದು ಸುಮ್ಮನೆ ನೋಡಲು ನಿಂತಿದ್ದರಷ್ಟೆ.

ನೋಡಿದ ಮೇಲೆ ಕಾಣಲಿಲ್ಲ ಅನ್ನುವ ಹಾಗಿಲ್ಲವಲ್ಲ. ಜನ ಸೇರಿತು. ಸಾಹೇಬರು ಅಳಿಯನನ್ನು ಕೇಳಿದರು: "ಇದು ಯಾರು ಹಾಕಿದ್ದು?"

ಅಳಿಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೋಡಪ್ಪಾ, ಯಾರೂ ಅಂತ ಗೊತ್ತಾಗದಿದ್ರೆ ಕಾವಲುಗಾರನೇ ಹೊಣೆ. ನಿನ್ನ ಹೆಸರು ಬರೀಲಾ?"

ಜನರ ಹಿಂದೆ ಮಗಳು ನಿಂತಿದ್ದಳು. ಮಿಷನ್ನಿನ ಮುಂದಿಂದ ಎದ್ದು ಬಂದವಳ ಬೆರಳಿಗೆ ದಾರ ಸುತ್ತಿಕೊಂಡೇ ಇತ್ತು. ಬಡಗಿ ಅವಳನ್ನು ನೋಡಿದ. ಆಮೇಲೆ ಸೇತುವೆಯ ಮೇಲೆ ನಡೆದು, ಹದಿನೇಳನೆಯ ಹಲಗೆಯ ಮೇಲೆ ನಿಂತ.

"ನಂದು."

ಆ ಮಾತು ಆ ಸೇತುವೆಯ ಮೇಲೆ ಮೂವತ್ತಮೂರು ವರ್ಷದಲ್ಲಿ ಯಾರೂ ಆಡಿರಲಿಲ್ಲ. ಒಬ್ಬ ಅಜ್ಜಿ ಅಭ್ಯಾಸಬಲದಿಂದ ಕೈ ಎತ್ತಿ ಇಳಿಸಿದಳು.

"ಹಲಗೆ ನಂದು. ಆ ಕಡೇದೂ ನಂದು, ಈ ಕಡೇದೂ ನಂದು. ತೊಲೆ ನಂದು, ಕಲ್ಲುಕಂಬ ನಂದು. ಈ ಹತ್ತು ಬೆರಳಿನದು. ಇವರು ಮರ ಕೊಟ್ಟರು, ಇವರದ್ದು. ಬರ್ಕೊಳ್ಳಿ ಸಾಹೇಬ್ರೇ. ಕಾಲಂ ಇದೆ ಅಂದಿದ್ರಲ್ಲ."

ಸಾಹೇಬರು ಪೆನ್ನಿನ ಟೋಪಿ ಬಿಚ್ಚಿ ಮತ್ತೆ ಹಾಕಿದರು. "ಅವತ್ತು ಎರಡು ಸಲ ಕೇಳಿದೆ ಯಜಮಾನ್ರೇ" ಎಂದರು. ದನಿಯಲ್ಲಿ ಗದರಿಕೆ ಇರಲಿಲ್ಲ, ನಿಜವಾದ ಬೇಸರವೇ ಇತ್ತು. "ಅವತ್ತು ಅಂದಿದ್ರೆ ಇದೇ ಕೈಯಲ್ಲಿ ನಿಮ್ಮ ಹೆಸರು ಬರೀತಿದ್ದೆ. ಈಗ ನೀವು ನಂದು ಅಂದ್ರೆ ಅದು ತಪ್ಪೊಪ್ಪಿಗೆ ಆಗತ್ತೆ."

ಹಾಗೆಯೇ ಬರೆದರು. ಸಾಕ್ಷಿಗೆಂದು ಹಲಗೆ ತೆಗೆಯಬೇಕೆಂದರು. ಗೂಟಗಳು ಉಬ್ಬಿ ಕೂತಿದ್ದವು, ಬರಲಿಲ್ಲ. ಅಳಿಯನೇ ಹಾರೆ ತಂದು ಮೀಟಬೇಕಾಯಿತು. ಉಳಿ ಹಿಡಿಯಲು ಬಾರದ ಕೈ ಹಾರೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತೊಲೆಗೇ ಊರಿತು. ಬೆಸುಗೆಯ ತುಟಿಯಲ್ಲಿ ಅಂಗೈ ಅಗಲದ ಸೀಳು ಬಿತ್ತು. ಬಡಗಿ "ಅಲ್ಲಲ್ಲ, ಹೀಗೆ" ಎಂದು ಬಗ್ಗಿ ತಾನೇ ತೋರಿಸಿಕೊಟ್ಟ. ಹಲಗೆಯನ್ನು ಜೀಪಿನ ಹಿಂದೆ ಹಾಕಿದರು. ತೀರ್ಮಾನವಾಗುವವರೆಗೆ ದಾಟುವುದು ಅಪಾಯ ಎಂದು ಎರಡು ತುದಿಗೂ ಮುಳ್ಳುತಂತಿ ಬಂತು. ಅಳಿಯನ ಕೆಲಸ ಹೋಗಲಿಲ್ಲ. ಅವನು ಈಗ ಮುಳ್ಳುತಂತಿಯನ್ನು ಕಾಯುತ್ತಾನೆ.

ಆ ವರ್ಷ ಅರ್ಧ ಹೊಲ ಬೀಳುಬಿತ್ತು. ಕುರಿಯವನು ಹಿಂಡು ಹೊಡೆದುಕೊಂಡು ದೊಡ್ಡ ರಸ್ತೆಯ ಊರಿಗೆ ಹೋಗಿಬಿಟ್ಟ. ಹೋಗುವಾಗ ಹೇಳಿಯೂ ಹೋಗಲಿಲ್ಲ. ಮನೆಯಲ್ಲಿ ಅಳಿಯ ಮಾವನ ಎದುರು ಊಟಕ್ಕೆ ಕೂರುವುದು ಬಿಟ್ಟ. ಮಗಳು ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸುತ್ತಾಳೆ. ಬೆಳಿಗ್ಗೆ ಬಡಗಿ ಹಾಸಿಗೆಯಲ್ಲಿ ಕಿವಿ ಕೊಟ್ಟು ಮಲಗುತ್ತಾನೆ. ಮಳೆ ಬಂದ ದಿನ ಬೆಸುಗೆಯ ಸೀಳಿಗೆ ನೀರು ಇಳಿಯುವುದು ಕೇಳುತ್ತದೆ ಅವನಿಗೆ. "ಅಷ್ಟು ಸಣ್ಣ ಸದ್ದು ಎಲ್ಲಿ ಕೇಳತ್ತೆ, ಸುಮ್ನೆ ಮಲ್ಕೊಳ್ಳಿ" ಎನ್ನುತ್ತಾಳೆ ಹೆಂಡತಿ. ಈಗ ನಗುವುದಿಲ್ಲ.

ವಿಚಾರಣೆಗೆ ಬಾ ಎಂದು ಕಾಗದ ಬಂದಾಗ ಎಂಟು ತಿಂಗಳಾಗಿತ್ತು. ಬಡಗಿ ಮಹಡಿ ಹತ್ತಿ ಉದ್ದನೆಯ ಕೋಣೆಗೆ ಹೋದ. ಅದೇ ಕಿಟಕಿ, ಅದೇ ಗುಮಾಸ್ತ.

"ಸಾಹೇಬ್ರು ವರ್ಗ ಆಗಿ ಹೋದ್ರು. ಹೊಸಬರು ಇನ್ನೂ ಬಂದಿಲ್ಲ. ಕೂತ್ಕೊಳ್ಳಿ, ಬೇರೆ ದಿನ ಕೊಡ್ತೀನಿ."

ಎಲ್ಲಿ ಕೂರುವುದು ಎಂದು ಬಡಗಿ ತಿರುಗಿ ನೋಡಿದ. ಗೋಡೆಯುದ್ದಕ್ಕೆ, ಬೆನ್ನುಗಳ ಗುರುತಿನ ಕೆಳಗೆ, ಈಗ ಒಂದು ಆಸನ ಇತ್ತು. ಎರಡು ಕಡೆ ಇಟ್ಟಿಗೆ ಪೇರಿಸಿ ಮೇಲೆ ಒಂದು ಹಲಗೆ ಇಟ್ಟಿದ್ದರು. ಅಂಚಿಗೆ ದಾರದಲ್ಲಿ ಕಟ್ಟಿದ ಸಾಕ್ಷಿಯ ಚೀಟಿ ಇನ್ನೂ ನೇತಾಡುತ್ತಿತ್ತು. ನಾಲ್ಕು ತೂತು. ಇಬ್ಬರು ಆಗಲೇ ಕೂತಿದ್ದರು. ಅವರು ಸರಿದು ಜಾಗ ಮಾಡಿದರು.

ಬಡಗಿ ಕೂತ. ಕೈ ತಾನಾಗಿ ಕೆಳಗೆ ಹೋಗಿ ಅಂಚನ್ನು ಸವರಿತು. ಎಷ್ಟು ಜನ ಕೂತಿದ್ದರೋ, ಆಗಲೇ ನುಣುಪಾಗಿತ್ತು.

"ಕೂತ್ಕೊಳ್ಳೋಕೆ ಇದೊಂದು ಆಯ್ತು ನೋಡಿ, ಪುಣ್ಯ" ಎಂದ ಪಕ್ಕದವನು. ಗೆಣ್ಣಿನಿಂದ ಹಲಗೆಯನ್ನು ಬಡಿದು ತೋರಿಸಿದ. ಟಕ್ ಎಂದಿತು. "ಒಳ್ಳೆ ಮರ. ಯಾರ್ದೋ ಏನೋ."

ಬಡಗಿಯ ನಾಲಿಗೆ ಒಂದು ಸಲ ಅಂಗುಳಕ್ಕೆ ತಗುಲಿತು. ಕಿಟಕಿಯ ಹತ್ತಿರ ಗುಮಾಸ್ತ ತಲೆ ಎತ್ತಿ ಕಿವಿಯ ಹಿಂದಿನ ಪೆನ್ನು ತೆಗೆದುಕೊಂಡ.

"ಸರ್ಕಾರದ್ದು" ಎಂದ ಬಡಗಿ.

ಹೊಸ ತಾರೀಖಿನ ಚೀಟಿ ಸಿಕ್ಕಿದ ಮೇಲೆ ಅವನು ಎದ್ದ. ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ ಹೆಂಗಸೊಬ್ಬಳು ಬೇಗ ಬೇಗ ಬಂದು ಅವನ ಜಾಗದಲ್ಲಿ ಕೂತಳು.